ಎಚ್ಚರದ ಪುಸ್ತಕದಲ್ಲಿ ನಾನು ಬರೆದ ಸುಳ್ಳು ಸಾಲು

ಆಸ್ಪತ್ರೆಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ನಮ್ಮ ಮನೆಗೆ ಬರುತ್ತಾರೆ. ಡ್ಯೂಟಿ ಬದಲಿ ಹೇಗೆ ಕೇಳಬೇಕು, ಯಾವ ಡಾಕ್ಟರು ಸಿಟ್ಟಿನವರು, ಹಬ್ಬದ ದಿನ ರಜೆ ಸಿಗುತ್ತದೋ ಇಲ್ಲವೋ, ಇಷ್ಟನ್ನು ಕೇಳಿ ಚಹಾ ಕುಡಿದು ಹೋಗುತ್ತಾರೆ. ಕೆಲಸ ಹೇಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಬರೆದಿಡುತ್ತೇನೆ. ನಾನು ಓದಿದ್ದು ಆರನೇ ಇಯತ್ತೆಯವರೆಗೆ. ಬರೆಯುವ ರೂಢಿಯಾದದ್ದು ಆಸ್ಪತ್ರೆಯ ಪುಸ್ತಕಗಳಲ್ಲಿ ಖಾನೆ ತುಂಬಿ ತುಂಬಿ. ಆದ್ದರಿಂದ ದೊಡ್ಡ ಮಾತು ನನಗೆ ಬರುವುದಿಲ್ಲ.

ಮೂವತ್ತೊಂದು ವರ್ಷ ನಾನು ಆಯಾ ಆಗಿದ್ದೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಜನ ಬಸ್ಸು ಹತ್ತಿ ಬರುವಂಥದ್ದು ಎಂದರೆ ಸಾಕು. ಕಸ ಗುಡಿಸಿದ್ದೇನೆ, ಬಟ್ಟೆ ಒಗೆದಿದ್ದೇನೆ, ಸ್ಟ್ರೆಚರ್ ನೂಕಿದ್ದೇನೆ. ಆದರೆ ನನಗೆ ನಿಜವಾಗಿ ಬರುತ್ತಿದ್ದ ಕೆಲಸ ಒಂದೇ. ಕೆಟಮಿನ್ ಎಂಬ ಔಷಧ ಕೊಟ್ಟವರ ಪಕ್ಕದಲ್ಲಿ, ಅವರಿಗೆ ಪೂರಾ ಎಚ್ಚರವಾಗುವ ತನಕ ಕೂಡುವುದು. ಅದಕ್ಕೆ ನಾವು ಎಚ್ಚರಕ್ಕೆ ಕೂಡುವುದು ಎನ್ನುತ್ತಿದ್ದೆವು.

ಆ ಕೆಲಸದಲ್ಲಿ ನಾನು ಒಬ್ಬರಿಗೆ ಕೆಟ್ಟದ್ದು ಮಾಡಿದ್ದೇನೆ. ಅವನು ನನ್ನ ತಮ್ಮ. ಅದನ್ನು ಹೇಳಲೆಂದೇ ಬರೆಯಲು ಕುಳಿತಿದ್ದೇನೆ. ಆದರೆ ಕೆಲಸ ತಿಳಿಯದೆ ತಪ್ಪು ತಿಳಿಯುವುದಿಲ್ಲ. ಮೊದಲು ಕೆಲಸದ ಮಾತು.

ನಾನು ಸೇರಿದಾಗ ಹೆಣ್ಣುಮಕ್ಕಳ ಆಪರೇಷನ್ ಕ್ಯಾಂಪುಗಳ ಕಾಲ. ಇನ್ನು ಮಕ್ಕಳು ಬೇಡ ಎಂದವರನ್ನು ಜೀಪಿನಲ್ಲಿ ಕರೆತಂದು ಒಂದೇ ದಿನ ಸಾಲಾಗಿ ಆಪರೇಷನ್ ಮಾಡುತ್ತಿದ್ದರು. ಕೆಟಮಿನ್ ಸೂಜಿ ಚುಚ್ಚಿದ ಮೇಲೆ ಹೆಂಗಸಿನ ಕಣ್ಣು ತೆರೆದೇ ಇರುತ್ತಿತ್ತು, ನೋಡುವವಳು ಮಾತ್ರ ಅಲ್ಲಿ ಇರುತ್ತಿರಲಿಲ್ಲ. ವಾಪಸು ಬರುವಾಗ ಏನೇನೋ ಮಾತಾಡುತ್ತಿದ್ದರು. ಒಬ್ಬಳು ತಾನು ಕಾಗಿಣಾ ನದಿಯ ಮೇಲೆ ಹಾರುತ್ತಿದ್ದೇನೆ ಎಂದಳು. ಒಬ್ಬಳು ಮಗ್ಗುಲಲ್ಲಿ ಮಲಗಿದ್ದವಳನ್ನು ಅತ್ತೆ ಎಂದು ತಿಳಿದು ಹತ್ತು ವರ್ಷದ ಬೈಗುಳವನ್ನು ಒಂದೇ ಉಸಿರಿಗೆ ಬೈದಳು. ನಾವೆಲ್ಲ ನಗುತ್ತಿದ್ದೆವು. ಬೇಗ ಎಬ್ಬಿಸಲು ಕೆನ್ನೆಗೆ ತಟ್ಟುತ್ತಿದ್ದೆವು. ಜೀಪು ಕಾಯುತ್ತಿತ್ತು.

ಸುಮಿತ್ರಾ ಸಿಸ್ಟರ್ ಎಂಬುವರು ಓಟಿಯ, ಅಂದರೆ ಆಪರೇಷನ್ ಕೋಣೆಯ, ಮುಖ್ಯಸ್ಥೆಯಾಗಿ ಬಂದ ಮೇಲೆ ನಗು ನಿಂತಿತು. ಅವರು ಸೇಡಂನವರು, ಮಾತು ಕಡಿಮೆ. ಒಂದು ದಿನ ನಾನು ನಗುವಾಗ ನನ್ನ ಕೈ ಹಿಡಿದು ಹೊರಗೆ ಕರೆದೊಯ್ದರು.

"ನೀ ವಾಡಿಯಾಕಿ ಅಲ್ಲೇನು? ಹಸೀ ಸಿಮೆಂಟಿನ ಮ್ಯಾಲ ನಾಯಿ ಹಾದು ಹೋಗಿದ್ದು ನೋಡಿದಿಲ್ಲೋ? ಈಗ ಅಕಿ ಹಂಗ ಅದಾಳ. ನೀ ಏನ್ ಅಂತಿ ಅದು ಹಂಗ ಕುಂದರ್ತದ" ಎಂದರು. ನಮ್ಮ ವಾಡಿ ಸಿಮೆಂಟ್ ಕಾರ್ಖಾನೆಯ ಊರು.

ಆಮೇಲೆ ಒಂದೊಂದಾಗಿ ಕಲಿಸಿದರು. ಕೆನ್ನೆ ತಟ್ಟಬಾರದು. ಬಲಗಡೆ, ಅವರ ಕಣ್ಣಿಗೆ ಕಾಣುವಂತೆ ಕೂಡಬೇಕು. ಕಣ್ಣಿನ ಗುಡ್ಡೆ ನೋಡುತ್ತಿರಬೇಕು. ಔಷಧ ಒಳಗಿರುವ ತನಕ ಗುಡ್ಡೆಗಳು ಅತ್ತಿತ್ತ ಸಣ್ಣಗೆ ತೂಗುತ್ತಿರುತ್ತವೆ. ತೂಗುವುದು ನಿಂತು, ನಿಮ್ಮ ಕಣ್ಣನ್ನು ಹಿಡಿದು ನೋಡಿದರೆ ಮನುಷ್ಯ ವಾಪಸು ಬಂದಂತೆ. ಅಲ್ಲಿಯವರೆಗೆ ಹೆಸರು ಹಿಡಿದು ಕರೆಯಬೇಕು, ಬೇರೆ ಮಾತು ಬೇಡ. ಆ ಹೆಸರೂ ಕೇಸ್ ಪೇಪರಿನಲ್ಲಿ ಬರೆದದ್ದಲ್ಲ. ಮನೆಯಲ್ಲಿ ಕರೆಯುವ ಹೆಸರನ್ನು ಮೊದಲೇ ಕೇಳಿಕೊಂಡಿರಬೇಕು. ಸರಕಾರಿ ಹೆಸರಿಗೆ ಜನ ಹೆದರಿ ಏಳುತ್ತಾರೆ ಎಂದು ಅವರು ಹೇಳುತ್ತಿದ್ದರು. ನಾನು ಪರೀಕ್ಷಿಸಿ ನೋಡಿದ್ದೇನೆ, ಅದು ಖರೆ.

ಕಲಿತ ಮೇಲೂ ತಪ್ಪು ಮಾಡಿದ್ದೇನೆ. ರಾವೂರದ ಹೆಂಗಸೊಬ್ಬಳು ಮಂಪರಿನಲ್ಲಿದ್ದಾಗ ನನ್ನ ಕೈಯಿಂದ ಕತ್ತರಿಗಳ ಟ್ರೇ ನೆಲಕ್ಕೆ ಬಿತ್ತು. ಆಕೆಯ ಗಂಡ ಕಲ್ಲಿನ ಖಣಿಯಲ್ಲಿ ಮದ್ದು ಹಾರಿಸುವವನು. ಆಕೆಗೆ ಆ ಸಪ್ಪಳ ಖಣಿಯ ಸ್ಫೋಟವಾಗಿ ಕೇಳಿಸಿತು. ಗಂಡ ಸತ್ತ ಎಂದು ಚೀರುತ್ತ ಎದ್ದಳು. ಅವನು ಹೊರಗೆ ಬೀಡಿ ಸೇದುತ್ತ ನಿಂತಿದ್ದ. ಕರೆತಂದು ತೋರಿಸಿದರೂ, ಮುಟ್ಟಿಸಿದರೂ ಆಕೆ ನಂಬಲಿಲ್ಲ. ಎರಡು ವಾರದ ಮೇಲೆ ಹೊಲಿಗೆ ಬಿಚ್ಚಿಸಲು ಬಂದಾಗಲೂ ಗಂಡನ ಅಂಗಿಯ ತುದಿ ಹಿಡಿದುಕೊಂಡೇ ಕುಳಿತಿದ್ದಳು. ಅಂದಿನಿಂದ ಮಧ್ಯಾಹ್ನ ಖಣಿಯಲ್ಲಿ ಮದ್ದು ಹಾರಿಸುವ ಹೊತ್ತಿಗೆ ಯಾರೂ ಮಂಪರಿನಲ್ಲಿ ಇರದಂತೆ ಸುಮಿತ್ರಾ ಸಿಸ್ಟರ್ ವೇಳೆ ಹೊಂದಿಸಿದರು. ಟ್ರೇ ಕೆಳಗೆ ಹಳೆಯ ಕಂಬಳಿ ಹಾಸಿದೆವು. ಈಗ ಕೆಲಸಕ್ಕೆ ಬರುವವರು ಆ ಕಂಬಳಿ ಯಾಕೆ ಎಂದು ಕೇಳುತ್ತಾರೆ. ಕಾರಣ ಇದು.

ಕೆಲಸದ ಕೊನೆಯ ಕೆಲವು ವರ್ಷ ನಾನು ಒಬ್ಬ ಮನೋರೋಗದ ಡಾಕ್ಟರ ಕೈಕೆಳಗೆ ಇದ್ದೆ. ಅವರು ಗುರುವಾರ ಬರುತ್ತಿದ್ದರು. ಅವರ ತಂದೆ ಸೇಡಂ ಕಡೆಯವರು, ಮಿಲಿಟರಿಯಲ್ಲಿದ್ದವರು. ತಾಯಿ ಮಿಜೋರಾಮಿನವರು. ಡಾಕ್ಟರ ಮುಖ ತಾಯಿಯದು. ಜನ ಅವರನ್ನು ಬೆನ್ನ ಹಿಂದೆ ಚೀನಾ ಡಾಕ್ಟರು ಎನ್ನುತ್ತಿದ್ದರು. ಬಂದ ಮೊದಲ ದಿನ ಮಳಖೇಡದ ಒಬ್ಬ ಮುದುಕ, ಅವರ ಎದುರಿಗೇ ನನ್ನನ್ನು ಕೇಳಿದ, ಈ ಡಾಕ್ಟರಿಗೆ ಕನ್ನಡ ಬರುತ್ತದೇನು ಎಂದು.

"ಬರ್ತದ್ರೀ ಕಾಕಾ, ಕುಂದ್ರಿ. ನಿಮಗ ಬರ್ತದಿಲ್ಲೋ?" ಎಂದರು ಡಾಕ್ಟರು.

ಮುದುಕ ಕುಳಿತ. ಆದರೆ ಡಾಕ್ಟರು ಆ ದಿನ ಊಟದ ಹೊತ್ತಿಗೆ ನನಗೆ ಹೇಳಿದ ಮಾತು ನೆನಪಿದೆ. ಹುಟ್ಟಿದಾಗಿನಿಂದ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇನೆ, ನಗುನಗುತ್ತ ಉತ್ತರ ಕೊಡಲು ಕಲಿಯಲಿಕ್ಕೆ ಇಪ್ಪತ್ತು ವರ್ಷ ಹಿಡಿಯಿತು ಎಂದಿದ್ದರು.

ಅವರು ಅದೇ ಕೆಟಮಿನ್ನನ್ನು ಮನಸ್ಸಿನ ಬೇನೆಗೆ ಕೊಡುತ್ತಿದ್ದರು. ಬೇರೆ ಗುಳಿಗೆಗಳು ಹಿಡಿಯದವರಿಗೆ, ಬಿಪಿ, ಹೃದಯ ಎಲ್ಲ ನೋಡಿ, ಮೊದಲು ಎರಡು ಮೂರು ದಿನ ಕೂಡಿಸಿ ಮಾತಾಡಿ, ಆಮೇಲೆ. ಆಪರೇಷನ್ನಿಗೆ ಕೊಡುವುದಕ್ಕಿಂತ ಬಹಳ ಕಡಿಮೆ, ಸಲೈನಿನಲ್ಲಿ ನಿಧಾನವಾಗಿ ಬಿಡುವುದು. ಕೋಣೆ ಕತ್ತಲು, ಕಣ್ಣಿಗೆ ಪಟ್ಟಿ. ನಾವು ಓಟಿಯಲ್ಲಿ ಯಾವುದನ್ನು ಉಪದ್ರವ ಎಂದು ತಿಳಿದಿದ್ದೆವೋ, ಆ ಕಾಣುವುದು, ಅಳುವುದು, ಮಾತಾಡುವುದು, ಅದೇ ಅವರಿಗೆ ಬೇಕಾಗಿತ್ತು. ನನಗೆ ಮೊದಲು ಇದು ತಲೆಕೆಳಗಾದ ಕೆಲಸ ಎನ್ನಿಸಿತು. ಅವರು ಕೊಳಲಿನ ಸಂಗೀತವನ್ನೂ ಹಚ್ಚುತ್ತಿದ್ದರು. ಚಿಂಚೋಳಿಯ ಒಬ್ಬ ಮಾಸ್ತರರು ಮಂಪರಿನಲ್ಲೇ ಕೈ ಎತ್ತಿ, ಇದನ್ನು ಬಂದ್ ಮಾಡಿರಿ, ಕರೆಂಟಿನ ಆಫೀಸಿಗೆ ಫೋನು ಹಚ್ಚಿ ಹಿಡಿದುಕೊಂಡು ನಿಂತಂತೆ ಆಗುತ್ತದೆ ಎಂದರು. ಕೊಳಲು ಅಂದೇ ನಿಂತಿತು.

ಡಾಕ್ಟರು ಒಂದು ಪುಸ್ತಕ ಇಟ್ಟಿದ್ದರು. ಅದನ್ನು ಎಚ್ಚರದ ಪುಸ್ತಕ ಎನ್ನುತ್ತಿದ್ದೆವು. ಬೇನೆಯವರ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಆ ಹೆಸರು ಹೇಳಿದವರು ಯಾರು, ಎಚ್ಚರವಾಗುವಾಗ ಆಡಿದ ಮಾತು, ಅದಕ್ಕೆ ನಾವು ಕೊಟ್ಟ ಉತ್ತರ. ಇಷ್ಟು ಖಾನೆ. ಮಾತನ್ನು ತಿದ್ದದೆ, ಅವರು ಆಡಿದಂತೆಯೇ ಬರೆಯಬೇಕು. ತಪ್ಪು ಬರೆದರೆ ಅಳಿಸಬಾರದು. ಒಂದೇ ಗೆರೆ ಎಳೆದು, ಕೆಳಗಿನ ಅಕ್ಷರ ಕಾಣುವಂತೆ ಬಿಟ್ಟು, ಸರಿಯಾದದ್ದನ್ನು ಬರೆದು ಪಕ್ಕದಲ್ಲಿ ಸಹಿ ಮಾಡಬೇಕು. ಈ ಪುಸ್ತಕವನ್ನು ತುಂಬುವವಳು ನಾನು. ಔಷಧದ್ದು ಅರ್ಧ ಕೆಲಸ, ಎಚ್ಚರವಾದಾಗ ಮೊದಲು ಯಾರ ಮುಖ ಕಾಣುತ್ತದೆ, ಯಾವ ಮಾತು ಕೇಳುತ್ತದೆ ಎಂಬುದು ಉಳಿದ ಅರ್ಧ ಎಂದು ಡಾಕ್ಟರು ಹೇಳುತ್ತಿದ್ದರು. ಸುಮಿತ್ರಾ ಸಿಸ್ಟರ್ ಹೇಳಿದ್ದೂ ಅದನ್ನೇ. ಆಗ ಅವರು ತೀರಿಕೊಂಡಿದ್ದರು, ಇಲ್ಲದಿದ್ದರೆ ಹೋಗಿ ಹೇಳಿಬರುತ್ತಿದ್ದೆ.

ಎಲ್ಲ ತರಹದವರು ಬರುತ್ತಿದ್ದರು. ಆದರೆ ಎರಡು ಜನಾಂಗದ ರಕ್ತದವರು ಬಂದರೆ ಡಾಕ್ಟರು ಹೆಚ್ಚು ಹೊತ್ತು ಕೂಡುತ್ತಿದ್ದರು. ಒಂದು ಸಲ ನನಗೆ ಹೇಳಿದರು:

"ಇವರಿಗಿ ಹೊಡದವರು ಒಬ್ಬರಲ್ಲ, ಮಹಾದೇವಿ ಬಾಯಿ. ಈ ಮನಿಯವರು ನೀ ಆ ಮನಿಯಾಂವ ಅಂತಾರ, ಆ ಮನಿಯವರು ನೀ ಈ ಮನಿಯಾಂವ ಅಂತಾರ. ನಡುವ ಹಾದ್ಯಾಗ ನಿಂತಿರ್ತಾರ."

ಜುಬೇದಾ ಎಂಬ ಹೆಂಗಸು ಬಂದದ್ದು ಹಾಗೆ. ಆಕೆಯ ತಾಯಿಯ ಹಿರಿಯರು ಹಿಂದಿನ ಕಾಲದಲ್ಲಿ ಆಫ್ರಿಕಾದಿಂದ ಹೈದರಾಬಾದಿಗೆ ಬಂದವರು. ಇಲ್ಲಿಯ ಜನ ಅವರನ್ನು ಹಬ್ಶಿ ಎನ್ನುತ್ತಾರೆ. ತಂದೆ ಚಿತ್ತಾಪುರದ ಟೇಲರ್. ಆಕೆಯ ಕೂದಲು ಸಣ್ಣ ಸುರುಳಿ. ಶಾಲೆಯಲ್ಲಿ ಹುಡುಗರು ಅದರಲ್ಲಿ ಕಡ್ಡಿ ಸಿಕ್ಕಿಸಿ, ಬೀಳುತ್ತದೋ ಇಲ್ಲವೋ ನೋಡುತ್ತಿದ್ದರಂತೆ. ದೊಡ್ಡವಳಾದ ಮೇಲೆ ಇಸ್ತ್ರಿ ಪೆಟ್ಟಿಗೆಯಿಂದ ಕೂದಲು ನೆಟ್ಟಗೆ ಮಾಡಿಕೊಳ್ಳಲು ಹೋಗಿ ನೆತ್ತಿ ಸುಟ್ಟುಕೊಂಡಿದ್ದಳು. ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಳು. ಮೂರನೆಯ ಸಲ ಔಷಧ ಕೊಟ್ಟಾಗ, ವಾಪಸು ಬರುವ ಹೊತ್ತಿಗೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಅಜ್ಜಿ ಬಂದು ಎಣ್ಣೆ ಹಚ್ಚಿದಳು ಎಂದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಹೊರಗೆ ಬೇನೆಯವರ ಜೊತೆ ಬಂದವರು ಕೂಡುವ ಕಲ್ಲಿನ ಬೆಂಚಿನಲ್ಲಿ ಆಕೆಯ ಅಕ್ಕ ಕುಳಿತಿದ್ದಳು. ಅವಳ ಕೂದಲೂ ಅದೇ ಸುರುಳಿ. ಮನೆಯಲ್ಲಿ ಕರೆಯುವ ಹೆಸರು ಕೇಳಿದಾಗ ಅವಳು ಆಸ್ಪತ್ರೆಗೆಲ್ಲ ಕೇಳುವಂತೆ, "ಮುನ್ನಿ ಅಂತೀವ್ರಿ, ನನ್ನ ಸ್ವಂತ ತಂಗಿ ಅಕಿ" ಎಂದಿದ್ದಳು. ಯಾರೂ ಸ್ವಂತವೋ ಅಲ್ಲವೋ ಎಂದು ಕೇಳಿರಲಿಲ್ಲ. ನಾನು ಆ ಖಾನೆ ತುಂಬುವಾಗ ನನ್ನ ಕೈ ಸ್ವಲ್ಪ ನಿಂತಿತು. ಆಮೇಲೆ ಬರೆದೆ.

ಕೈ ಯಾಕೆ ನಿಂತಿತು ಎಂಬುದನ್ನು ಈಗ ಹೇಳಬೇಕು.

ನಮ್ಮ ಅಪ್ಪ ವಾಡಿಯಲ್ಲಿ ರೈಲ್ವೆ ಇಂಜಿನ್ ಡ್ರೈವರ್. ಆಂಗ್ಲೋ ಇಂಡಿಯನ್. ಅವರ ಅಜ್ಜ ಇಂಗ್ಲೆಂಡಿನವನಂತೆ. ಅವ್ವ ರಾವೂರದವಳು, ಡ್ರೈವರುಗಳು ಮಲಗುವ ರೈಲ್ವೆ ಕೋಣೆಗಳ ಚಾದರ ಒಗೆಯುವ ಕೆಲಸದವಳು. ಇಬ್ಬರೂ ಮದುವೆಯಾಗಿದ್ದರು, ಕಾಗದ ಇತ್ತು. ಎರಡೂ ಕಡೆಯವರಿಗೆ ಆ ಕಾಗದ ಬೇಕಾಗಿರಲಿಲ್ಲ. ನಾನು ಹುಟ್ಟಿದ್ದು ಅವ್ವನ ಬಣ್ಣದಲ್ಲಿ. ಐದು ವರ್ಷದ ಮೇಲೆ ಹುಟ್ಟಿದ ತಮ್ಮ ಕೆಂಪಗೆ, ಕಂದು ಕೂದಲು, ಬೆಕ್ಕಿನ ಕಣ್ಣು. ನನ್ನನ್ನು ಶಾಲೆಗೆ ಹಚ್ಚಿದ್ದು ಅವ್ವ, ಮಹಾದೇವಿ ಎಂದು ಬರೆಸಿದಳು. ಅವನನ್ನು ಹಚ್ಚಿದ್ದು ಅಪ್ಪ, ರಾಬರ್ಟ್ ಎಂದು ಬರೆಸಿದರು. ಮನೆಯಲ್ಲಿ ಅವ್ವ ಅವನನ್ನು ಶರಣು ಎಂದು ಕರೆಯುತ್ತಿದ್ದಳು, ನಾನೂ ಹಾಗೇ ಕರೆಯುತ್ತಿದ್ದೆ.

ನಾನು ಹನ್ನೆರಡರವಳಿದ್ದಾಗ ಅಪ್ಪ ತೀರಿಕೊಂಡರು. ರೈಲ್ವೆ ಮನೆ ಬಿಟ್ಟು ಬಾಡಿಗೆ ಕೋಣೆಗೆ ಬಂದೆವು. ಓಣಿಯ ಹುಡುಗರು ತಮ್ಮನಿಗೆ ಒಂದ ಬಾಜು ಬೆಂದ ರೊಟ್ಟಿ ಎಂದು ಹೆಸರಿಟ್ಟರು. ರೈಲ್ವೆ ಕಾಲೋನಿಯ ಅಪ್ಪನ ಕಡೆಯವರು ಅವನನ್ನು ಕ್ರಿಸ್ಮಸ್ ಹಬ್ಬಕ್ಕೆ ಕರೆದು, ಬಾಗಿಲ ಹೊರಗೆ ಕೇಕು ಕೊಟ್ಟು ಕಳಿಸುತ್ತಿದ್ದರು. ವಾಡಿಯಲ್ಲಿ ಹುಟ್ಟಿದವನನ್ನು ವಾಡಿ ಸ್ಟೇಷನ್ನಿನ ಚಹಾದವನು ಹಿಂದಿಯಲ್ಲಿ ಮಾತಾಡಿಸುತ್ತಿದ್ದ. ಇವನು ಕನ್ನಡದಲ್ಲಿ ಉತ್ತರ ಕೊಟ್ಟರೆ ಜನ ಸೇರಿ, ಇನ್ನೊಮ್ಮೆ ಮಾತಾಡು ಸಾಹೇಬ ಎನ್ನುತ್ತಿದ್ದರು. ನಾನು ಅವನ ಜೊತೆ ಹೋಗುವಾಗ ನಾಲ್ಕು ಹೆಜ್ಜೆ ಹಿಂದೆ ಉಳಿಯುತ್ತಿದ್ದೆ. ಒಬ್ಬಳೇ ಹೋದರೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ನನ್ನ ಮದುವೆಯನ್ನು ಸೋದರಮಾವ ಸುಲೇಪೇಟದ ಕಡೆ ಗೊತ್ತು ಮಾಡಿದ. ಅಪ್ಪ ಯಾರು ಎಂಬುದನ್ನು ಮುಚ್ಚಿಟ್ಟಿದ್ದ. ನನ್ನ ಬಣ್ಣ ನೋಡಿ ಅವರೂ ಕೇಳಲಿಲ್ಲ. ಊಟದ ಪಂಕ್ತಿಯಲ್ಲಿ ತಮ್ಮ ತಂಬಿಗೆ ಹಿಡಿದು ಎಲ್ಲರಿಗೂ ನೀರು ಬಡಿಸುತ್ತಿದ್ದ. ಗಂಡನ ಸೋದರತ್ತೆಯೊಬ್ಬಳು, ಈ ಸಾಹೇಬ ಯಾರವ್ವಾ ಎಂದು ನನ್ನನ್ನು ಕೇಳಿದಳು. ಸೋದರಮಾವ ಕಲಿಸಿದ್ದ ಮಾತನ್ನು ನಾನು ಹೇಳಿದೆ.

"ಅವ್ವ ಸಾಕಿದ ಹುಡುಗ್ರೀ. ರೇಲ್ವೆದವರು ಯಾರೋ ಬಿಟ್ಟು ಹೋಗಿದ್ರು."

ತಮ್ಮ ಆಗ ಎರಡು ಎಲೆಯ ಆಚೆ ಇದ್ದ. ಕೇಳಿಸಿತು. ಆ ಲೋಟ ತುಂಬಿಸಿ ಮುಂದಿನ ಲೋಟಕ್ಕೆ ಹೋದ. ಪೂರಾ ಸಾಲು ನೀರು ಬಡಿಸಿ ಮುಗಿಸಿಯೇ ಹೊರಗೆ ಹೋದ. ಆಮೇಲೆ ನನ್ನ ಮನೆಯೊಳಗೆ ಅವನು ಬರಲಿಲ್ಲ. ಅವ್ವ ಸಾಯುವ ತನಕ ಅವನ ಹತ್ತಿರ ಶಹಾಬಾದಿನಲ್ಲೇ ಇದ್ದಳು. ಅವಳ ಮಣ್ಣಿಗೆ ನಾನು ನೆಂಟರಂತೆ ಹೋಗಿ ಬಂದೆ. ನನ್ನ ಗಂಡನೂ, ಆ ಸೋದರತ್ತೆಯೂ, ಸೋದರಮಾವನೂ ಒಬ್ಬೊಬ್ಬರಾಗಿ ತೀರಿಕೊಂಡರು. ಸುಳ್ಳು ಹೇಳಲು ಇದ್ದ ಕಾರಣವೆಲ್ಲ ಹೋದ ಮೇಲೂ ಸುಳ್ಳು ಉಳಿದಿತ್ತು. ನನಗೆ ಅದು ರೂಢಿಯಾಗಿತ್ತು, ಅಷ್ಟೇ.

ತಮ್ಮ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಕಡೆ ಮಶೀನು ರಿಪೇರಿ ಕೆಲಸಕ್ಕಿದ್ದ. ಮದುವೆಯಾಗಲಿಲ್ಲ. ಕಲ್ಲಿನ ಧೂಳು ಕೂತು ಸಂಜೆಗೆ ಅಲ್ಲಿ ಎಲ್ಲರೂ ಬೆಳ್ಳಗೆ ಕಾಣುತ್ತಾರೆ. ಆ ಹೊತ್ತು ತನಗೆ ಇಷ್ಟವಾಗುತ್ತದೆ, ಮಂದಿ ಮುಖ ತೊಳೆದುಕೊಂಡ ಮೇಲೆ ಮತ್ತೆ ತಾನೊಬ್ಬನೇ ಉಳಿಯುತ್ತೇನೆ ಎಂದು ಡಾಕ್ಟರ ಹತ್ತಿರ ಹೇಳಿದ್ದನಂತೆ. ನಿದ್ದೆ ಬಿಟ್ಟಿದ್ದ. ಪಾಲಿಶ್ ಕಲ್ಲಿನಿಂದ ಮುಂಗೈ ತಿಕ್ಕಿಕೊಂಡು ಗಾಯ ಮಾಡಿಕೊಂಡಿದ್ದ. ಜೊತೆ ಕೆಲಸ ಮಾಡುವವರು ಹೇಳಿ ಆಸ್ಪತ್ರೆಗೆ ಕಳಿಸಿದ್ದರು. ನಾನು ಅಲ್ಲಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು.

ಮೊದಲ ದಿನ ಡಾಕ್ಟರು ಖಾನೆ ತುಂಬಲು ಕೇಳಿದರು, ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂದು. ನಾನು ಮೂರು ಹೆಜ್ಜೆ ದೂರದಲ್ಲಿ ಚಾದರ ಮಡಚುತ್ತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.

"ಕರಿಯಾವರು ಯಾರೂ ಇಲ್ರಿ. ರಾಬರ್ಟ್ ಅನ್ರಿ, ಹಾಜರಿ ಪುಸ್ತಕದಾಗ ಅದೇ ಅದ."

ನಾನು ಮುಂದಿನ ಚಾದರ ಮಡಚಿದೆ. ಸ್ವಂತ ಮನುಷ್ಯ ಬೇನೆಯವನಾಗಿ ಬಂದರೆ ಬಾಗಿಲಲ್ಲೇ ಹೇಳಿ ಪಕ್ಕಕ್ಕೆ ಸರಿಯಬೇಕು, ಬೇರೆಯವರನ್ನು ಕೂಡಿಸಬೇಕು. ಇದು ಈ ಕೆಲಸದ ಮೊದಲ ನಿಯಮ. ನಾನು ಅದನ್ನು ಎಷ್ಟೋ ಹುಡುಗಿಯರಿಗೆ ಕಲಿಸಿದ್ದೆ.

ಎರಡು ಮೂರು ವಾರ ಕೂಡಿಸಿ ಮಾತಾಡಿದ ಮೇಲೆ ಔಷಧ ಕೊಟ್ಟರು. ನಾನು ಅವನ ಬಲಗಡೆ ಕುಳಿತೆ. ಸ್ವಲ್ಪ ಹೊತ್ತಿಗೆ ಅವನ ಮುಖದ ಗಂಟು ಬಿಚ್ಚಿತು. ಎರಡೂ ಅಂಗೈಯಿಂದ ಚಾದರದ ಮೇಲೆ ಮೆಲ್ಲಗೆ ರೊಟ್ಟಿ ಬಡಿಯುವಂತೆ ತಟ್ಟತೊಡಗಿದ. ಅವ್ವ ರೊಟ್ಟಿ ಬಡಿಯುವಾಗ ಮೊದಲು ಎರಡು ಸಲ ಜೋರಾಗಿ, ಆಮೇಲೆ ಸಣ್ಣಗೆ ತಟ್ಟುತ್ತಿದ್ದಳು. ಅವನು ಹಾಗೆಯೇ ತಟ್ಟಿದ. ಕಣ್ಣಪಟ್ಟಿಯ ಕೆಳಗಿನಿಂದ ನೀರು ಇಳಿಯಿತು. ಅದು ಒಳ್ಳೆಯ ಲಕ್ಷಣ. ಬೇರೆಯವರಾಗಿದ್ದರೆ ನಾನು ಹೊರಗೆ ಬಂದು ಡಾಕ್ಟರಿಗೆ ಖುಷಿಯಿಂದ ಹೇಳುತ್ತಿದ್ದೆ.

ಔಷಧ ಮುಗಿಯಿತು. ರೇಣುಕಾ ಎಂಬ ಹೊಸ ಸಿಸ್ಟರ್ ಒಳಗೆ ಬಂದು ಬಿಪಿ ನೋಡತೊಡಗಿದಳು. ನಾನು ಕಣ್ಣಪಟ್ಟಿ ತೆಗೆದು ರಾಬರ್ಟ್, ರಾಬರ್ಟ್ ಎಂದು ಕರೆದೆ. ಅವನು ತಲೆ ಹೊರಳಿಸಿ ನನ್ನನ್ನು ನೋಡಿದ.

"ಅಕ್ಕಾ, ನಾ ಅವ್ವನ ಮಗಾ ಹೌದಿಲ್ಲೋ?"

ರೇಣುಕಾ ಬಿಪಿ ಮಶೀನಿನ ಮೇಲಿಂದ ತಲೆ ಎತ್ತಿದಳು. ಆಸ್ಪತ್ರೆಯಲ್ಲಿ ನನ್ನ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ನಾನು ಹೇಳಿದೆ:

"ನಾ ಇಲ್ಲಿ ಆಯಾ ಇದ್ದೀನ್ರೀ. ನೀವ್ ಸುಮ್ಮ ಮಲಗ್ರಿ."

"ಹೌದ್ರೀ," ಎಂದ ಅವನು. "ತಪ್ಪಾತ್ರೀ ಬಾಯಿ."

ಆಮೇಲೆ ಗೋಡೆಯ ಕಡೆ ಹೊರಳಿದ. ರೇಣುಕಾ ನಕ್ಕು, ಮಂಪರಿನಲ್ಲಿ ಎಲ್ಲರಿಗೂ ಅಕ್ಕ ಎನ್ನುತ್ತಾರೆ ಎಂದಳು. ನಾನೂ ಹೌದೆಂದೆ. ಎಚ್ಚರದ ಪುಸ್ತಕ ತೆಗೆದು, ಆಡಿದ ಮಾತು ಎಂಬ ಖಾನೆಯಲ್ಲಿ ಏನೂ ಇಲ್ಲ ಎಂದು ಬರೆದೆ. ಕೊಟ್ಟ ಉತ್ತರ ಎಂಬಲ್ಲಿಯೂ ಅದನ್ನೇ ಬರೆದೆ. ಇದು ನಾನು ಹೇಳಲು ಹೊರಟ ಸಾಲು.

ಎರಡನೆಯ ಸಲ ಅವನ ಕೈ ಆಡಲಿಲ್ಲ. ಕಲ್ಲಿನಂತೆ ಮಲಗಿದ್ದು ಕಲ್ಲಿನಂತೆ ಎದ್ದ. ಮುಂಗೈಯ ಗಾಯ ಹೊಸದಾಗಿತ್ತು. ಡಾಕ್ಟರು ಪುಸ್ತಕ ತಿರುವಿ ನೋಡಿ ನನ್ನನ್ನು ಕರೆದರು.

"ಮೊದಲನೇ ಸರ್ತಿ ನಾ ಬಾಗಲದಾಗ ನಿಂತು ನೋಡಿದ್ದೆ, ಒಳಗ ಭಾಳ ಚೊಲೋ ಹೋಗಿದ್ರು. ಯಾರೋ ಬಾಗಲಾ ಹಾಕಿದಂಗ ಆಗ್ಯದ. ಎಚ್ಚರ ಆಗೂ ಮುಂದ ಏನರ ಆತೇನು?"

ಇಲ್ಲ ಎಂದೆ. ಹಾಗಾದರೆ ಈ ಔಷಧ ಇವರಿಗೆ ಹಿಡಿಯುವಂತೆ ಕಾಣುವುದಿಲ್ಲ, ಇನ್ನೊಂದು ಸಲ ನೋಡಿ ನಿಲ್ಲಿಸೋಣ ಎಂದರು. ಬೇರೆ ಗುಳಿಗೆಗಳನ್ನೆಲ್ಲ ಅವನು ಮೊದಲೇ ತೆಗೆದುಕೊಂಡು ನೋಡಿದ್ದ. ನಿಲ್ಲಿಸಿದ ಮೇಲೆ ಏನು ಎಂದು ನಾನು ಕೇಳಲಿಲ್ಲ. ಅಂಥವರ ಮುಂದಿನ ದಾರಿ ಹೇಗಿರುತ್ತದೆ ಎಂಬುದನ್ನು ನಾನು ಸಾಕಷ್ಟು ನೋಡಿದ್ದೆ.

ಆ ವಾರ ನಾನು ಒಂದು ಹಂಚಿಕೆ ಹಾಕಿದೆ. ಮೂರನೆಯ ಸಲ ಅವನ ಕಣ್ಣಗುಡ್ಡೆ ಇನ್ನೂ ತೂಗುತ್ತಿರುವಾಗಲೇ, ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಕಿವಿಯ ಹತ್ತಿರ ಹೋಗಿ ನೀನು ಅವ್ವನ ಮಗನೇ ಎಂದು ಹೇಳಿಬಿಡುವುದು. ಹಸಿ ಸಿಮೆಂಟಿನಲ್ಲಿ ಅದು ಕೂಡುತ್ತದೆ. ಯಾರಿಗೂ ತಿಳಿಯುವುದಿಲ್ಲ. ನನಗೆ ಇದು ಬಹಳ ಜಾಣತನ ಎನ್ನಿಸಿತ್ತು.

ಆ ಗುರುವಾರ ಮುಂಜಾನೆ ಡಾಕ್ಟರು ಎಚ್ಚರದ ಪುಸ್ತಕ ತರಲು ಹೇಳಿದರು. ತರುವಾಗ ತೆರೆದೆ. ಜುಬೇದಾಳ ಸಾಲು ಆ ಪುಟದ ಮೇಲಿತ್ತು. ಹೆಸರು ಹೇಳಿದವರು: ಸ್ವಂತ ಅಕ್ಕ. ನನ್ನದೇ ಅಕ್ಷರ. ಅದೇ ಪುಟದಲ್ಲಿ ಕೆಳಗೆ ತಮ್ಮನ ಸಾಲು, ಏನೂ ಇಲ್ಲ ಎಂದು, ಅದೂ ನನ್ನದೇ ಅಕ್ಷರ. ಪುಸ್ತಕ ಡಾಕ್ಟರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಮದುವೆಯದು, ಮೊದಲ ಸಲದ್ದು, ನಾನು ಹಾಕಿದ್ದ ಹಂಚಿಕೆ.

ಅವರು ಸಿಟ್ಟು ಮಾಡಲಿಲ್ಲ. ಪುಸ್ತಕದ ಆ ಸಾಲನ್ನು ಓದಿದರು. ಆಮೇಲೆ ಹೇಳಿದರು:

"ಮಂಪರಿನಾಗ ಹೇಳಿದ್ರ ಅದು ಅವರ ಕನಸು ಆಗ್ತದ, ನಿಮ್ಮ ಮಾತ ಆಗೂದಿಲ್ಲ. ಲಗ್ನದಾಗ ಮಂದಿ ಮುಂದ ಹೇಳಿದ್ರಿ. ಇದನ್ನೂ ಹಂಗ ಹೇಳ್ರಿ. ಅವರು ಎಚ್ಚರ ಇದ್ದಾಗ. ಔಷಧಕ್ಕಿಂತ ಮೊದಲ."

ಹೊರಗೆ ಬೆಂಚಿನಲ್ಲಿ ಏಳೆಂಟು ಜನ ಇದ್ದರು. ನನ್ನ ದುರ್ದೈವಕ್ಕೋ ಏನೋ, ಸುಲೇಪೇಟದಿಂದ ನನ್ನ ನಾದಿನಿ, ಗಂಡನ ತಂಗಿ, ಸಕ್ಕರೆ ಬೇನೆ ತೋರಿಸಲು ಬಂದು ಅಲ್ಲೇ ಕುಳಿತಿದ್ದಳು. ತಮ್ಮ ಬೆಂಚಿನ ತುದಿಯಲ್ಲಿದ್ದ, ಅಂಗಿಯ ತೋಳು ಮಣಿಕಟ್ಟಿನ ತನಕ ಇಳಿಸಿಕೊಂಡು. ನಾನು ಹೋಗಿ ಅವನ ಎದುರು ನಿಂತೆ.

"ಶರಣು," ಎಂದೆ. ನಲವತ್ತು ವರ್ಷದ ಮೇಲೆ ಬಾಯಿಗೆ ಬಂದ ಹೆಸರು. "ನೀ ನನ್ನ ಒಡಹುಟ್ಟಿದ ತಮ್ಮ. ಅವ್ವ ನಿನ್ನ ಹಡದಾಳ, ನಾ ಐದು ವರ್ಷದಾಕಿ ಇದ್ದೆ, ನನಗ ನೆಪ್ಪದ. ಲಗ್ನದಾಗ ನಾ ಸುಳ್ಳ ಹೇಳ್ದೆ. ಮೊನ್ನೆ ಒಳಗೂ ಸುಳ್ಳ ಹೇಳ್ದೆ."

ಬೆಂಚಿನವರು ನಮ್ಮ ಕಡೆ ತಿರುಗಿದರು. ಅವನು ನನ್ನ ಚಪ್ಪಲಿ ನೋಡುತ್ತಿದ್ದ.

"ಮೊನ್ನೆ ನಾ ಎಚ್ಚರ ಇದ್ದೆ, ಅಕ್ಕಾ," ಎಂದ. "ಪೂರಾ ಎಚ್ಚರಿದ್ದೆ. ಮಂಪರಿನಾಗ ಅದೀನಿ ಅಂತ ತಿಳಕೊಂಡ್ರ ನಿನಗ ಹೌದು ಅನ್ಲಿಕ್ಕಿ ಸಸಾರ ಆಗ್ತದ ಅಂತ ಆವಾಗ ಕೇಳ್ದೆ."

ನಾನು ಮೂವತ್ತು ವರ್ಷ ಕಣ್ಣಗುಡ್ಡೆ ನೋಡಿದವಳು. ಅವನು ಕೇಳಿದಾಗ ಅವನ ಕಣ್ಣು ತೂಗುತ್ತಿರಲಿಲ್ಲ. ನನ್ನ ಕಣ್ಣನ್ನು ಹಿಡಿದೇ ಕೇಳಿದ್ದ. ನಾನು ಅದನ್ನು ನೋಡಿದ್ದೆ. ನೋಡಿಯೂ ಮಂಪರು ಎಂದು ತಿಳಿದುಕೊಂಡೆ, ಯಾಕೆಂದರೆ ನನಗೂ ಅದೇ ಸುಲಭವಾಗಿತ್ತು.

ನಾದಿನಿ ನನ್ನನ್ನೂ ಅವನನ್ನೂ ಎರಡೆರಡು ಸಲ ನೋಡಿದಳು.

"ಹಂಗಂದ್ರ ವೈನಿ, ಇವ್ರು ನಮಗ ಬೀಗರೇನು?"

"ಹೌದ್ರೀ," ಎಂದ ತಮ್ಮ. "ಲಗ್ನದಾಗ ನಿಮಗ ನೀರ ಕೊಟ್ಟಾಂವ ನಾನೇ. ಎರಡು ಸರ್ತಿ ಕೇಳಿ ಇಸಗೊಂಡಿದ್ರಿ."

ಬೆಂಚಿನಲ್ಲಿ ಒಬ್ಬಿಬ್ಬರು ನಕ್ಕರು. ಅವನು ನಗಲಿಲ್ಲ. ಹೆಸರು ಕೂಗಿದರು, ಎದ್ದು ಒಳಗೆ ಹೋದ. ನನ್ನನ್ನು ಮುಟ್ಟಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಇವತ್ತಿನವರೆಗೂ ಅಂದಿಲ್ಲ. ಆ ಮೇಲೆ ಅವನು ಇನ್ನೂ ಕೆಲವು ಸಲ ಔಷಧ ತೆಗೆದುಕೊಂಡ. ಈಗ ನಿದ್ದೆ ಬರುತ್ತದೆ ಎನ್ನುತ್ತಾನೆ, ಮುಂಗೈ ವಾಸಿಯಾಗಿದೆ. ನಾನು ನಿವೃತ್ತಿಯಾದ ದಿನ ಬಂದಿದ್ದ, ಹೊಸ್ತಿಲ ಹೊರಗೇ ಕುಳಿತು ಚಹಾ ಕುಡಿದು ಹೋದ. ಒಳಗೆ ಬಾ ಎಂದು ಕರೆಯುತ್ತೇನೆ. ಬರುವುದು ಅವನಿಗೆ ಬಿಟ್ಟದ್ದು.

ಆ ಗುರುವಾರ ಅವನ ಪಕ್ಕ ಕೂಡಲು ಕೆಲಸಕ್ಕೆ ಸೇರಿ ತಿಂಗಳಾಗಿದ್ದ ಒಬ್ಬ ಹುಡುಗಿಯನ್ನು ಕಳಿಸಿದರು. ನಾನು ಬೆಂಚಿನಲ್ಲಿ ಕುಳಿತೆ. ಅಷ್ಟು ವರ್ಷದಲ್ಲಿ ಆ ಬೆಂಚನ್ನು ದಿನಾ ಒರೆಸಿದ್ದೆ, ಕುಳಿತಿರಲಿಲ್ಲ. ಶಹಾಬಾದಿನ ಪರಸಿ ಕಲ್ಲು, ನಡುವೆ ಸ್ವಲ್ಪ ತಗ್ಗು. ಬಾಗಿಲು ಅರ್ಧ ತೆರೆದಿತ್ತು. ಹುಡುಗಿ ಖಾನೆ ತುಂಬಲು ಮನೆಯ ಹೆಸರು ಕೇಳಿದಳು. ಶರಣು ಎಂದು ಬರೆದುಕೋ ಎಂದ. ಹೇಳಿದವರು ಯಾರೆಂದು ಬರೆಯಲಿ ಎಂದಳು. ಹೊರಗೆ ಕುಳಿತಿದ್ದಾಳಲ್ಲ, ಅವಳು ಎಂದ.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಪುಸ್ತಕವನ್ನೂ ಪೆನ್ನನ್ನೂ ತಂದು ನನ್ನ ತೊಡೆಯ ಮೇಲಿಟ್ಟು ಹೋದರು. ನಾನು ಏನೂ ಇಲ್ಲ ಎಂಬುದರ ಮೇಲೆ ಒಂದೇ ಗೆರೆ ಎಳೆದೆ. ಅವನು ಕೇಳಿದ ಮಾತನ್ನು ಅವನು ಕೇಳಿದಂತೆಯೇ ಬರೆದೆ. ಕೊಟ್ಟ ಉತ್ತರ ಎಂಬ ಖಾನೆಗೆ ಬಂದಾಗ ನಿಂತೆ. ಹೊರಗೆ ಬೆಂಚಿನ ಎದುರು ಹೇಳಿದ್ದನ್ನು ಬರೆಯಲು ಮನಸ್ಸಾಯಿತು. ಆದರೆ ಅದು ಆ ದಿನ ಕೊಟ್ಟ ಉತ್ತರವಲ್ಲ. ನಾ ಇಲ್ಲಿ ಆಯಾ ಇದ್ದೀನ್ರೀ ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದೆ. ಅದು ಈಗಲೂ ಹಾಗೇ ಇದೆ.

ಒಳಗಿನಿಂದ ಹುಡುಗಿ ಕರೆಯುವುದು ಕೇಳಿಸಿತು. ಶರಣು, ಶರಣು. ಹಾಜರಿ ಕೂಗಿದಂತೆ ಕೂಗುತ್ತಿದ್ದಳು, ಬಹಳ ಜೋರು. ಮೆಲ್ಲಗೆ ಕರೆಯಬೇಕು ಎಂದು ಹೇಳಲು ಅರ್ಧ ಎದ್ದೆ. ಮತ್ತೆ ಕುಳಿತೆ. ಮೂರನೆಯ ಸಲ ತಾನಾಗಿಯೇ ದನಿ ತಗ್ಗಿಸಿದಳು.

"ಹೂಂ," ಎಂದ ಅವನು.